ಬ್ರೇಕ್ ಮೆತ್ತಗಾಯ್ತು, ಕಿರುಗುಟ್ಟಿತು, ಪಕ್ಕಕ್ಕೆ ಎಳೆಯಿತು: ಕಾರಿನ ಬ್ರೇಕ್ ದೋಷ ಹುಡುಕುವುದು ಹೇಗೆ

ಯಾವಾಗ ಗಾಡಿ ತೆಗೆಯಲೇಬಾರದು

ಪೆಡಲ್ ಒತ್ತಿದರೆ ಕಾಲು ನೆಲದವರೆಗೆ ಹೋಗುತ್ತಿದೆಯಾ? ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ ಮೇಲೂ ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಆರುತ್ತಿಲ್ವಾ? ಯಾವುದಾದರೂ ಚಕ್ರದ ಒಳಮೈ ಎಣ್ಣೆ ಹಚ್ಚಿದ ಹಾಗೆ ಒದ್ದೆಯಾಗಿದೆಯಾ? ಬ್ರೇಕ್ ಹಾಕಿದಾಗ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು ಬರುತ್ತಿದೆಯಾ?

ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಗಾಡಿ ಇದ್ದಲ್ಲೇ ಇರಲಿ. "ಗ್ಯಾರೇಜ್ ಇಲ್ಲೇ ಅಲ್ವಾ, ನಿಧಾನಕ್ಕೆ ಹೋಗ್ತೀನಿ" ಅನ್ನಬೇಡಿ. ಹಗ್ಗ ಕಟ್ಟಿ ಎಳೆಸುವುದೂ ಬೇಡ. ಎಳೆಯುವ ಗಾಡಿ ನಿಂತಾಗ ನಿಮ್ಮದು ನಿಲ್ಲುವುದಿಲ್ಲ, ನೇರ ಅದರ ಹಿಂಬದಿಗೆ ಹೋಗಿ ಗುದ್ದುತ್ತದೆ. ಗಾಡಿಯನ್ನು ಪೂರ್ತಿ ಮೇಲೆ ಹತ್ತಿಸಿಕೊಂಡು ಹೋಗುವ ಟೋಯಿಂಗ್ ಲಾರಿ ಕರೆಸಿ, ಇಲ್ಲವೇ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಮಿಕ್ಕ ಲಕ್ಷಣಗಳನ್ನು ಸಮಾಧಾನವಾಗಿ ಒಂದೊಂದಾಗಿ ನೋಡಬಹುದು.

ಒಳಗೆ ನಡೆಯುವುದು ಇಷ್ಟೇ

ನೀವು ಪೆಡಲ್ ಒತ್ತುತ್ತೀರಿ. ಪೆಡಲ್ಲಿನ ಆಚೆ ಬದಿ, ಎಂಜಿನ್ ಕಡೆ, ಒಂದು ದುಂಡನೆಯ ಕಪ್ಪು ಡಬ್ಬಿ ಇರುತ್ತದೆ. ಅದು ಬೂಸ್ಟರ್. ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಅದರ ಮುಂದೆ ಮಾಸ್ಟರ್ ಸಿಲಿಂಡರ್. ಅದು ಬ್ರೇಕ್ ಆಯಿಲ್ಲನ್ನು ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಕ್ಕೆ ತಳ್ಳುತ್ತದೆ. ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದೆ ಎರಡು ಪ್ಯಾಡ್ ಸೇರಿ ಡಿಸ್ಕನ್ನು ಇಕ್ಕಳದ ಹಾಗೆ ಹಿಡಿಯುತ್ತವೆ. ಹಿಂದೆ ಲೈನರ್ (ತಿಕ್ಕಿ ಹಿಡಿಯುವ ಪದರ) ಅಂಟಿಸಿದ ಎರಡು ಶೂಗಳು ಡ್ರಮ್ಮಿನ ಒಳಗಿನಿಂದ ಹೊರಕ್ಕೆ ಒತ್ತುತ್ತವೆ.

ಎರಡು ವಿಷಯ ನೆನಪಿರಲಿ. ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು. ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರ್ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ವಾಲುತ್ತೇವಲ್ಲ, ಕಾರಿನ ಭಾರವೂ ಹಾಗೇ ಮುಂದಕ್ಕೆ ಬೀಳುತ್ತದೆ. ಅದಕ್ಕೇ ಮುಂದಿನ ಪ್ಯಾಡ್ ಬೇಗ ಸವೆಯುತ್ತದೆ. ಇನ್ನೊಂದು, ಆಯಿಲ್ಲಿನ ದಾರಿ ಎರಡು ಭಾಗವಾಗಿರುತ್ತದೆ. ಒಂದು ಕಡೆ ಸೋರಿ ಹೋದರೂ ಇನ್ನೊಂದು ಭಾಗ ಎರಡು ಚಕ್ರವನ್ನಾದರೂ ಹಿಡಿಯಲಿ ಅಂತ. ಹಾಗಾಗಿ ಪೆಡಲ್ ದಿಢೀರ್ ಕೆಳಗಿಳಿದು ಅರ್ಧಂಬರ್ಧ ಬ್ರೇಕ್ ಹಿಡಿದರೆ, ಒಂದು ಭಾಗ ಆಗಲೇ ಹೋಗಿರಬಹುದು.

ಮೊದಲ ಹತ್ತು ನಿಮಿಷ, ಒಂದು ರೂಪಾಯಿ ಖರ್ಚಿಲ್ಲ

ಲಕ್ಷಣ ಯಾವುದೇ ಇರಲಿ, ಇಷ್ಟನ್ನು ಮೊದಲು ನೋಡಿ.

ಪೆಡಲ್ ಕೆಳಗೆ ಬಗ್ಗಿ ನೋಡಿ. ಮ್ಯಾಟ್ ಮಡಚಿಕೊಂಡು ಪೆಡಲ್ಲಿಗೆ ಅಡ್ಡ ಬಂದಿರಬಹುದು. ಹಳೆ ಮ್ಯಾಟಿನ ಮೇಲೆ ಇನ್ನೊಂದು ಹೊಸ ಮ್ಯಾಟ್ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಸೀಟಿನಡಿ ಉರುಳಿದ ನೀರಿನ ಬಾಟಲಿಯೂ ಪೆಡಲ್ ಹಿಂದೆ ಸಿಕ್ಕಿಕೊಳ್ಳುತ್ತದೆ. ಬಾಟಲಿ ಸಿಕ್ಕಿಕೊಂಡಾಗ ಬ್ರೇಕ್ "ಫೇಲ್" ಆದದ್ದು ಅಂತಲೇ ಅನಿಸುತ್ತದೆ. ಡ್ರೈವರ್ ಸೀಟಿನ ಕೆಳಗೆ ಏನೂ ಇಡಬೇಡಿ.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಅದು ಪಾರದರ್ಶಕ ಪ್ಲಾಸ್ಟಿಕ್ಕಿನದು, ಮುಚ್ಚಳ ತೆಗೆಯದೆಯೇ ಮಿನ್, ಮ್ಯಾಕ್ಸ್ ಗೆರೆ ಕಾಣುತ್ತದೆ. ಮಟ್ಟ ಎರಡರ ನಡುವೆ ಇದ್ದರೆ ಸರಿ. ಕಡಿಮೆಯಾಗಿದ್ದರೆ ಅಂಗಡಿಗೆ ಓಡಿ ಆಯಿಲ್ ತಂದು ಸುರಿಯಬೇಡಿ. ಪ್ಯಾಡ್ ಸವೆದಂತೆಲ್ಲ ಅದನ್ನು ತಳ್ಳುವ ಪಿಸ್ಟನ್ ಮುಂದಕ್ಕೆ ಬರುತ್ತದೆ, ಆ ಜಾಗಕ್ಕೆ ಆಯಿಲ್ ಇಳಿಯುತ್ತದೆ, ಡಬ್ಬಿಯ ಮಟ್ಟ ತಿಂಗಳುಗಟ್ಟಲೆ ನಿಧಾನಕ್ಕೆ ಕಮ್ಮಿಯಾಗುತ್ತದೆ. ಅದು ಪ್ಯಾಡ್ ನೋಡಿಸಿ ಅನ್ನುವ ಸೂಚನೆ. ಒಂದು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಎರಡರಲ್ಲೂ ಸುಮ್ಮನೆ ತುಂಬಿಸಿದರೆ ಕಾರಣ ಮುಚ್ಚಿಹೋಗುತ್ತದೆ.

ಅಲಾಯ್ ವೀಲ್ ಇದ್ದರೆ ಮೊಬೈಲ್ ಟಾರ್ಚ್ ಬಿಟ್ಟು ಕಡ್ಡಿಗಳ ನಡುವಿನಿಂದ ಪ್ಯಾಡ್ ನೋಡಬಹುದು. ಹೊಸ ಪ್ಯಾಡಿನ ಮಸಾಲೆ ಭಾಗ, ಅಂದರೆ ಡಿಸ್ಕಿಗೆ ತಿಕ್ಕುವ ಪದರ, ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸುವ ಹೊತ್ತು. 3 ಮಿ.ಮೀ. ಎಷ್ಟು ಅಂತ ಅಂದಾಜು ಬೇಕಾದರೆ ನಾಲ್ಕು ಎಟಿಎಂ ಕಾರ್ಡ್ ಒಂದರ ಮೇಲೊಂದು ಇಟ್ಟು ನೋಡಿ. ಹಿಂದಿನ ಕಬ್ಬಿಣದ ತಗಡನ್ನು ಲೆಕ್ಕಕ್ಕೆ ಸೇರಿಸಬೇಡಿ, ಎಷ್ಟೋ ಜನ ತಪ್ಪುವುದು ಅಲ್ಲೇ. ಹೊರಗಿನ ಪ್ಯಾಡ್ ಚೆನ್ನಾಗಿದ್ದು ಒಳಗಿನದು ಸವೆದು ಹೋಗಿರುವುದೂ ಉಂಟು. ಹಾಗಾಗಿ ಈ ನೋಟ ಪೂರ್ತಿ ಭರವಸೆಯದಲ್ಲ.

ಟೈರಿನ ಗಾಳಿ ನೋಡಿಸಿ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟ್ ಹತ್ತುತ್ತದಾ ಕೇಳಿ.

"ಕಿರ್ರ್ ಅನ್ನುತ್ತೆ"

ಜನ ಗ್ಯಾರೇಜಿಗೆ ಹೆಚ್ಚಾಗಿ ತರುವ ದೂರು ಇದೇ. ಇದರಲ್ಲಿ ಸುಮಾರು ಪಾಲು ನಿರಪಾಯ.

ರಾತ್ರಿ ಮಳೆ ಬಂದಿತ್ತು, ಬೆಳಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗರಗರ ಅಂತು, ಆಮೇಲೆ ನಿಂತಿತು. ಇದು ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು, ಪ್ಯಾಡ್ ಉಜ್ಜಿ ತೆಗೆದುಹಾಕುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಇದು ಇದ್ದದ್ದೇ.

ದಿನವಿಡೀ, ಬ್ರೇಕ್ ಹಾಕಿದಾಗೆಲ್ಲ, ಸಣ್ಣ ಚೂಪು ಸದ್ದು ಬಂದರೆ ಪ್ಯಾಡ್ ತೆಗೆಸಿ ನೋಡಬೇಕು. ಕೆಲವು ಪ್ಯಾಡಿನಲ್ಲಿ ಒಂದು ಸಣ್ಣ ಕಬ್ಬಿಣದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಗುಟ್ಟಲಿ ಅಂತಲೇ ಇಟ್ಟಿರುತ್ತಾರೆ. ಈ ಹಂತದಲ್ಲಿ ಪ್ಯಾಡ್ ಬದಲಿಸಿದರೆ ಖರ್ಚು ಅಷ್ಟಕ್ಕೇ ಮುಗಿಯುತ್ತದೆ. "ಇನ್ನೂ ಬ್ರೇಕ್ ಹಿಡೀತಿದೆಯಲ್ಲ" ಅಂತ ಬಿಟ್ಟರೆ ಮುಂದಿನದು ಗರ್ರ್ ಎನ್ನುವ ದಪ್ಪ ಸದ್ದು. ಆಗ ಮಸಾಲೆ ಮುಗಿದು ತಗಡೇ ಡಿಸ್ಕನ್ನು ಕೆರೆಯುತ್ತಿರುತ್ತದೆ. ಡಿಸ್ಕ್ ಕೂಡ ಹೋಗುತ್ತದೆ, ಬಿಲ್ ದುಪ್ಪಟ್ಟಿಗೂ ಮೀರುತ್ತದೆ.

ಬ್ರೇಕ್ ಹಾಕದಿದ್ದಾಗಲೂ ಕಿವಿ ಹರಿಯುವ ಸದ್ದು, ಅದೂ ಮಣ್ಣು ರಸ್ತೆಗೆ ಹೋಗಿ ಬಂದ ಮೇಲೆ ಶುರುವಾಗಿದ್ದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿಕೊಂಡಿರಬಹುದು. ಜಾಗ ನೋಡಿ ನಿಧಾನಕ್ಕೆ ಸ್ವಲ್ಪ ದೂರ ರಿವರ್ಸ್ ಹೋಗಿ. ಎಷ್ಟೋ ಸಲ ಅದಾಗಿಯೇ ಬಿದ್ದುಹೋಗುತ್ತದೆ.

ಒಂದು ಎಚ್ಚರಿಕೆ. ಸದ್ದು ನಿಲ್ಲಲಿ ಅಂತ ಡಿಸ್ಕಿಗೋ ಪ್ಯಾಡಿಗೋ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಬಾಗಿಲಿನ ಕೀಲಿಗೆ ಬಿಟ್ಟ ಹಾಗೆ ಇಲ್ಲಿ ಬಿಡುವವರಿದ್ದಾರೆ, ನಗಬೇಡಿ. ಸದ್ದು ನಿಜಕ್ಕೂ ನಿಲ್ಲುತ್ತದೆ. ಬ್ರೇಕೂ ನಿಲ್ಲುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ತೊಳೆದು ಮತ್ತೆ ಹಾಕಲು ಬರುವುದಿಲ್ಲ, ಎಸೆಯಬೇಕು.

"ಪೆಡಲ್ ಮೆತ್ತಗಾಗಿದೆ"

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಾನೇ ಇದರಲ್ಲಿ ಸಿಕ್ಕಿಕೊಂಡವನು.

ಕೆಲವು ವರ್ಷಗಳ ಹಿಂದೆ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ತಿಂಡಿ ತಿಂದು ಚಾರ್ಮಾಡಿ ಘಾಟ್ ಇಳಿಯಲು ಶುರು ಮಾಡಿದೆ. ಐದು ಜನ, ಡಿಕ್ಕಿ ತುಂಬ ಬ್ಯಾಗು. ಮುಂದೆ ಒಂದು ಬಸ್ಸು. ಮೂರನೇ ಗೇರಿನಲ್ಲಿ, ಬ್ರೇಕಿನ ಮೇಲಿಟ್ಟ ಕಾಲು ತೆಗೆಯದೆ, ಅದರ ಹಿಂದೆಯೇ ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಪೆಡಲ್ ಒಂಥರಾ ಆಯಿತು. ಯಾವಾಗಲೂ ಎರಡು ಬೆರಳು ಇಳಿದು ಹಿಡಿಯುತ್ತಿದ್ದದ್ದು ನಾಲ್ಕು ಬೆರಳು ಇಳಿಯಿತು. ಹಸಿ ಗದ್ದೆಗೆ ಕಾಲಿಟ್ಟ ಹಾಗೆ. ಹೆಂಡತಿ ಪಕ್ಕದಲ್ಲಿ ಮಾತಾಡುತ್ತಲೇ ಇದ್ದಳು, ನನಗೆ ಒಂದು ಮಾತೂ ಕೇಳಿಸಲಿಲ್ಲ. ಎರಡನೇ ಗೇರಿಗೆ ತಂದು, ಪೆಡಲ್ಲನ್ನು ಮೂರು ನಾಲ್ಕು ಸಲ ಒತ್ತಿ ಬಿಟ್ಟು ಮಾಡಿ, ಅಗಲವಾದ ಒಂದು ಜಾಗದಲ್ಲಿ ಹೇಗೋ ನಿಲ್ಲಿಸಿದೆ. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಒತ್ತಿದರೆ ಪೆಡಲ್ ಮೊದಲಿನ ಹಾಗೆ ಗಟ್ಟಿ!

ಬಿಸಿಯಾದಾಗ ಮೆತ್ತಗಾಗಿ ತಣ್ಣಗಾದಾಗ ಸರಿಯಾದರೆ ಕಾರಣ ಹೆಚ್ಚಾಗಿ ಒಂದೇ: ಬ್ರೇಕ್ ಆಯಿಲ್ ಕುದಿದಿದೆ. ನಾವು ಆಯಿಲ್ ಅಂದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುವ ದ್ರವ. ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರೊಡೆಯುತ್ತದಲ್ಲ, ಇದೂ ಹಾಗೇ ವರ್ಷಗಳ ಮೇಲೆ ತೇವ ಎಳೆದುಕೊಳ್ಳುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲ್ಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ನೂರಕ್ಕೆ 3.7 ಭಾಗ ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಕಾಲು ತೆಗೆಯದೆ ಬ್ರೇಕ್ ಹಿಡಿದರೆ ಹಳೇ ಆಯಿಲ್ ಕುದಿಯುವಷ್ಟು ಕಾವು ಸುಲಭವಾಗಿ ಏರುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆ ಹಿಸುಕಲು ಖರ್ಚಾಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ.

ಊರಿಗೆ ಬಂದು ಆಯಿಲ್ ಬದಲಿಸಿದಾಗ ಪಕ್ಕದಲ್ಲೇ ನಿಂತು ನೋಡಿದೆ. ಹುಡುಗ ಹಿಂದಿನ ಚಕ್ರದಲ್ಲಿ ಆಯಿಲ್ ಹೊರಬಿಡುವ ಬ್ಲೀಡರ್ ತಿರುಪಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಯೊಳಗೆ ಬಿಟ್ಟ. ಇನ್ನೊಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿದ. ತಿರುಪು ಕಾಲು ಸುತ್ತು ಬಿಚ್ಚಿದ ಕೂಡಲೇ ಟ್ಯೂಬಿನಲ್ಲಿ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು. ಹೊಸದು ಜೇನಿಗಿಂತ ತಿಳಿ ಇರುತ್ತದೆ. ಸರ್ವಿಸ್ ಪುಸ್ತಕ ತಿರುವಿದರೆ ಎಂಜಿನ್ ಆಯಿಲ್, ಫಿಲ್ಟರ್, ವಾಶಿಂಗ್ ಎಲ್ಲ ಇದೆ, ಬ್ರೇಕ್ ಆಯಿಲ್ ಐದು ವರ್ಷದಲ್ಲಿ ಒಮ್ಮೆಯೂ ಇಲ್ಲ. ನಾನೂ ಕೇಳಿರಲಿಲ್ಲ.

ಬಹುತೇಕ ಕಾರಿಗೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ಲೆಕ್ಕ, ಗಾಡಿ ಓಡಲಿ ಬಿಡಲಿ. ನಿಂತ ಗಾಡಿಯ ಆಯಿಲ್ ಕೂಡ ತೇವ ಹೀರುತ್ತದೆ. ಯಾವ ಡಾಟ್ ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಅದೇ ಹಾಕಿಸಿ. ಡಾಟ್ 5 ಅನ್ನುವುದು ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಅಪ್ಪಿತಪ್ಪಿಯೂ ಸುರಿಯಬೇಡಿ. ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಪೂರ್ತಿ ವ್ಯವಸ್ಥೆಯೇ ಹಾಳಾಗುತ್ತದೆ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಉಳಿದ ಅರ್ಧ ಬಾಟಲಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವ ಉಳಿತಾಯ ಬೇಡ.

ತಣ್ಣಗಿದ್ದಾಗಲೂ ಪೆಡಲ್ ಮೆತ್ತಗಿದ್ದರೆ? ಎಂಜಿನ್ ಆನ್ ಮಾಡಿ ನಿಂತಲ್ಲೇ ಒತ್ತಿ ನೋಡಿ. ಮೊದಲ ಸಲ ಕೆಳಗೆ ಹೋಗಿ, ನಾಲ್ಕೈದು ಸಲ ಒತ್ತಿದ ಮೇಲೆ ಮೇಲೆ ಬಂದು ಗಟ್ಟಿಯಾದರೆ ಆಯಿಲ್ ಪೈಪಿನೊಳಗೆ ಏರ್ ಹಿಡಿದಿರಬಹುದು, ಇಲ್ಲವೇ ಹಿಂದಿನ ಲೈನರ್ ಸವೆದು ಡ್ರಮ್ಮಿನಿಂದ ದೂರವಾಗಿರಬಹುದು. ಏರ್ ತೆಗೆಸುವುದು, ಲೈನರ್ ಅಡ್ಜಸ್ಟ್ ಮಾಡಿಸುವುದು ಸಣ್ಣ ಕೆಲಸ. ಆದರೆ ಏರ್ ತಾನಾಗಿ ಒಳಗೆ ಬರುವುದಿಲ್ಲ. ಇತ್ತೀಚೆಗೆ ಯಾರೂ ಪೈಪ್ ಬಿಚ್ಚಿಲ್ಲ ಅಂದರೆ ಎಲ್ಲಿಂದ ಬಂತು ಅಂತ ಕೇಳಬೇಕು.

ಒತ್ತಿ ಹಾಗೇ ಅರ್ಧ ನಿಮಿಷ ಹಿಡಿದಾಗ ಪೆಡಲ್ ಲಿಫ್ಟಿನ ಹಾಗೆ ನಿಧಾನಕ್ಕೆ ಇಳಿಯುತ್ತಾ ಹೋದರೆ ವಿಷಯ ದೊಡ್ಡದು. ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ. ಸೀಲ್ ಹೋದಾಗ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಡಬ್ಬಿಯ ಮಟ್ಟವೂ ಹಾಗೇ ಇರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ಇಲ್ಲಿಗೆ ನಿಮ್ಮ ಹುಡುಕಾಟ ನಿಲ್ಲಿಸಿ, ಗಾಡಿ ಓಡಿಸಬೇಡಿ.

"ಪೆಡಲ್ ಕಲ್ಲಿನ ಹಾಗೆ ಗಟ್ಟಿ"

ಕಾಲಿಗೆ ಬಲ ಹಾಕಿ ತುಳಿದರೂ ಗಾಡಿ ನಿಧಾನಕ್ಕೆ ನಿಲ್ಲುತ್ತಿದ್ದರೆ ಬೂಸ್ಟರ್ ಮೇಲೆ ಅನುಮಾನ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎಂಜಿನ್ ಆಫ್ ಇರಲಿ. ಪೆಡಲ್ಲನ್ನು ಐದಾರು ಸಲ ಒತ್ತಿ ಬಿಡಿ, ಗಟ್ಟಿಯಾಗುತ್ತದೆ. ಈಗ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ಚೂರು ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಮೊದಲು ನೋಡಬೇಕಾದ್ದು ಎಂಜಿನ್ನಿನಿಂದ ಬೂಸ್ಟರಿಗೆ ಬರುವ ದಪ್ಪ ರಬ್ಬರ್ ಹೋಸ್. ಅದು ಬಿರುಕು ಬಿಟ್ಟಿರಬಹುದು, ಕಳಚಿರಬಹುದು. ಇಲಿ ಕಡಿದದ್ದೂ ಆಗಿರಬಹುದು, ನಮ್ಮ ಊರುಗಳಲ್ಲಿ ಅದೇನು ಅಪರೂಪವಲ್ಲ. ಒಂದು ಹೋಸಿಗೆ ಹೋಗುವ ದುಡ್ಡಿಗೂ ಬೂಸ್ಟರಿಗೆ ಹೋಗುವ ದುಡ್ಡಿಗೂ ಅಜಗಜಾಂತರ. ಹಾಗಾಗಿ "ಬೂಸ್ಟರ್ ಹೋಗಿದೆ" ಅಂದವರಿಗೆ "ಹೋಸ್ ನೋಡಿದ್ರಾ?" ಅಂತ ಕೇಳಿ.

ಓಡುವಾಗ ಎಂಜಿನ್ ಆಫ್ ಆಗಿಬಿಟ್ಟರೂ ಪೆಡಲ್ ಹೀಗೇ ಗಟ್ಟಿಯಾಗುತ್ತದೆ. ಆದರೆ ಬೂಸ್ಟರಿನಲ್ಲಿ ಒಂದೆರಡು ಸಲಕ್ಕೆ ಆಗುವಷ್ಟು ವ್ಯಾಕ್ಯೂಮ್ ಉಳಿದಿರುತ್ತದೆ. ಆಗ ಪದೇ ಪದೇ ಒತ್ತಿ ಬಿಟ್ಟು ಮಾಡಿ ಅದನ್ನು ಕಳೆಯಬೇಡಿ. ಒಂದೇ ಸಲ ಬಲವಾಗಿ ಒತ್ತಿ ನಿಲ್ಲುವವರೆಗೆ ಹಿಡಿಯಿರಿ. ಮೆತ್ತಗಾದ ಪೆಡಲ್ಲಿಗೆ ಮಾಡುವುದರ ಉಲ್ಟಾ ಇದು.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವ ಹಳೇ ಚಾಳಿ ಇನ್ನೂ ಕೆಲವರಿಗಿದೆ. ಅವರಿಗೆ ಎರಡನೇ ಬ್ರೇಕ್ ನಂತರ ಬೂಸ್ಟರ್ ಇಲ್ಲ, ಎಂಜಿನ್ ಹಿಡಿತವೂ ಇಲ್ಲ.

"ಬ್ರೇಕ್ ಹಾಕಿದರೆ ಒಂದು ಕಡೆಗೆ ಎಳೆಯುತ್ತೆ"

ಮೊದಲು ಟೈರ್ ಗಾಳಿ, ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಬ್ರೇಕ್ ಹಾಕದಿದ್ದಾಗಲೂ ಎಳೆಯುತ್ತಿದ್ದರೆ ಅದು ಹೆಚ್ಚಾಗಿ ವೀಲ್ ಅಲೈನ್‌ಮೆಂಟ್ ವಿಷಯ, ಬ್ರೇಕಿನದಲ್ಲ. ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ, ನಾವು ಎಡಕ್ಕೆ ಓಡಿಸುವವರು. ಹಾಗಾಗಿ ಚೂರು ಎಡಕ್ಕೆ ವಾಲುವುದು ಸಹಜ.

ಬ್ರೇಕ್ ಹಾಕಿದಾಗ ಮಾತ್ರ ಎಡಕ್ಕೆ ಎಳೆದರೆ ಎಡ ಚಕ್ರ ಜಾಸ್ತಿ ಹಿಡಿಯುತ್ತಿದೆ ಅಂತಾಯಿತು. ಎಲ್ಲರೂ ಎಡ ಚಕ್ರ ಬಿಚ್ಚುತ್ತಾರೆ. ಆದರೆ ಕಳ್ಳ ಬಹಳ ಸಲ ಬಲಗಡೆ ಇರುತ್ತಾನೆ: ಆ ಕಡೆಯ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳ) ತುಕ್ಕು ಹಿಡಿದು ಹಿಡಿಯುತ್ತಿಲ್ಲ, ಅಥವಾ ಅದರ ಪ್ಯಾಡಿಗೆ ಎಣ್ಣೆ ತಾಗಿದೆ. ಎರಡೂ ಬದಿ ಬಿಚ್ಚಿಸಿ ಪಕ್ಕಪಕ್ಕ ಇಟ್ಟು ನೋಡಿ. ಒಂದರ ಪ್ಯಾಡ್ ತೆಳ್ಳಗೆ, ಇನ್ನೊಂದರದು ದಪ್ಪಗೆ ಇದ್ದರೆ ಉತ್ತರ ಕೈಯಲ್ಲೇ ಇದೆ. ಕ್ಯಾಲಿಪರ್ ಜಾರಾಡುವ ಪಿನ್ನುಗಳನ್ನು ತೊಳೆದು, ಬಿಸಿ ತಡೆಯುವ ಗ್ರೀಸ್ ಹಚ್ಚಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಪ್ಯಾಡ್ ಬದಲಿಸುವುದಿದ್ದರೆ ಯಾವತ್ತೂ ಎಡ ಬಲ ಜೋಡಿಯಾಗಿಯೇ. ಒಂದೇ ಕಡೆ ಬದಲಿಸಿದರೆ ನೀವೇ ಎಳೆತ ಹುಟ್ಟಿಸಿದಂತೆ.

"ಸ್ಟೀರಿಂಗ್ ನಡುಗುತ್ತೆ, ಪೆಡಲ್ ಮಿಡಿಯುತ್ತೆ"

ಜೋರಾಗಿ ಬ್ರೇಕ್ ಹೊಡೆದಾಗ, ಅದರಲ್ಲೂ ಒದ್ದೆ ರಸ್ತೆಯಲ್ಲಿ, ಪೆಡಲ್ ಕಾಲಿಗೆ ಟರ್ರ್ ಅಂತ ತಳ್ಳಿದರೆ ಅದು ದೋಷವೇ ಅಲ್ಲ. ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆ. 2019ರ ಏಪ್ರಿಲ್‌ನಿಂದ ಭಾರತದಲ್ಲಿ ತಯಾರಾಗುವ ಎಲ್ಲ ಹೊಸ ಕಾರಿಗೂ ಅದು ಕಡ್ಡಾಯ. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಇರಿ, ಸ್ಟೀರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಿ.

ಸಾಧಾರಣ ಬ್ರೇಕಿಗೂ ನಡುಕ ಬಂದರೆ ಮೊದಲು ವೀಲ್ ನಟ್ಟುಗಳು ಟೈಟ್ ಇವೆಯಾ ನೋಡಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ ಇದನ್ನು ಬಿಡಲೇಬೇಡಿ. ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಡಿಸ್ಕ್, ಸೀಟು ನಡುಗಿದರೆ ಹಿಂದಿನ ಡ್ರಮ್. ಬ್ರೇಕ್ ಇಲ್ಲದೆಯೂ 80–100ರ ವೇಗದಲ್ಲಿ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್. "ಡಿಸ್ಕ್ ಬೆಂಡ್ ಆಗಿದೆ" ಅನ್ನುತ್ತಾರೆ. ನಿಜದಲ್ಲಿ ಬಹಳ ಸಲ ಡಿಸ್ಕಿನ ದಪ್ಪ ಅಲ್ಲಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗಿರುತ್ತದೆ, ಅಷ್ಟು ಸಾಕು. ದಪ್ಪ ಉಳಿದಿದ್ದರೆ ಲೇತ್‌ನಲ್ಲಿ ಸ್ಕಿಮ್ಮಿಂಗ್, ಅಂದರೆ ಮೇಲ್ಮೈ ಚೂರು ಕೆರೆದು ಸಮ ಮಾಡಬಹುದು. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಕಮ್ಮಿಯಾದರೆ ಬದಲಿಸಲೇಬೇಕು.

"ಚಕ್ರ ಬಿಸಿ, ಸುಟ್ಟ ವಾಸನೆ, ಮೈಲೇಜ್ ಬಿದ್ದಿದೆ"

ಬ್ರೇಕ್ ಜಾಮ್. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಮಾಡಿದರೂ ಗಾಡಿ ತಟ್ಟನೆ ನಿಂತುಬಿಡುತ್ತದೆ. ಬ್ರೇಕ್ ಹೆಚ್ಚು ಬಳಸದೆ ಕಾಲು ಗಂಟೆ ಓಡಿಸಿ ಬಂದು, ಅಂಗೈಯ ಹಿಂಭಾಗವನ್ನು ಒಂದೊಂದು ಚಕ್ರದ ಹತ್ತಿರ ಹಿಡಿಯಿರಿ. ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುವಷ್ಟು ಬಿಸಿ ಇರುತ್ತದೆ. ಮುಂದಿನವು ಹಿಂದಿನವಕ್ಕಿಂತ ಬಿಸಿ ಇರುವುದು ಸರಿಯೇ. ಎಡಕ್ಕೂ ಬಲಕ್ಕೂ ಹೋಲಿಸಿ. ಒಂದೇ ಚಕ್ರ ಕಾವಲಿಯಾಗಿದ್ದರೆ ಅದೇ.

ಬಿಸಿ ಡಿಸ್ಕಿಗೆ ನೀರು ಎರಚಬೇಡಿ, ಬಿರುಕು ಬಿಡಬಹುದು. ತಾನಾಗಿ ಆರಲಿ. ಕಾರಣ ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಕೊಂಡದ್ದಿರಬಹುದು, ಪಿನ್ ಒಣಗಿರಬಹುದು, ಪಿಸ್ಟನ್ ತುಕ್ಕು ಹಿಡಿದಿರಬಹುದು, ಚಕ್ರಕ್ಕೆ ಆಯಿಲ್ ತರುವ, ಹೊರಗೆ ಚೆನ್ನಾಗಿ ಕಾಣುವ ರಬ್ಬರ್ ಹೋಸ್ ಒಳಗೆ ಊದಿಕೊಂಡು ಆಯಿಲ್ ವಾಪಸ್ ಬಿಡದೇ ಇರಬಹುದು. ಒಳ್ಳೆಯ ಮೆಕ್ಯಾನಿಕ್ ಬ್ಲೀಡರ್ ತಿರುಪು ಬಿಚ್ಚಿ ನೋಡುತ್ತಾನೆ. ಆಗ ಚಕ್ರ ಸಡಿಲವಾದರೆ ತಪ್ಪು ಹೋಸಿನದೋ ಮಾಸ್ಟರ್ ಸಿಲಿಂಡರಿನದೋ. ಆಗದಿದ್ದರೆ ಕ್ಯಾಲಿಪರಿನದೋ ಹ್ಯಾಂಡ್‌ಬ್ರೇಕ್ ಕೇಬಲ್ಲಿನದೋ.

ಮಳೆ, ನೀರು, ಹ್ಯಾಂಡ್‌ಬ್ರೇಕ್

ಅಂಡರ್‌ಪಾಸಿನ ನೀರು ದಾಟಿದ ಮೇಲೆ ಬ್ರೇಕ್ ಹಿಡಿಯದಿದ್ದರೆ ಲೈನರ್ ಒದ್ದೆಯಾಗಿದೆ. ಹಿಂದೆ ಯಾರೂ ಇಲ್ಲದಾಗ ನಿಧಾನಕ್ಕೆ ಹೋಗುತ್ತಾ ಪೆಡಲ್ಲನ್ನು ಹಗುರವಾಗಿ ಒತ್ತಿ ಒತ್ತಿ ಒಣಗಿಸಿ. ಅದರ ಮೇಲೂ ಸರಿಯಾಗದಿದ್ದರೆ ಡ್ರಮ್ ಬಿಚ್ಚಿಸಿ ಕೆಸರು ತೆಗೆಸಿ.

ಮಳೆಗಾಲದಲ್ಲಿ ವಾರಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಮರದ ತುಂಡೋ ಕಲ್ಲೋ ಕೊಟ್ಟು ಬಿಡುವುದೇ ಮೇಲು. ಅಂಟಿಕೊಂಡಿದ್ದರೆ ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ಆಡಿಸಿ, ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಎಂಜಿನ್ ರೇಸ್ ಮಾಡಿ ಎಳೆಯಬೇಡಿ, ಲೈನರ್ ಕಿತ್ತು ಬರುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದಾಗ ಟಕ್ ಟಕ್ ಸದ್ದು ಐದರಿಂದ ಎಂಟರೊಳಗೆ ಬಿಗಿಯಾಗಬೇಕು. ಹತ್ತು ದಾಟಿದರೆ ಲೈನರ್ ಸವೆದಿದೆ ಅಥವಾ ಕೇಬಲ್ ಹಿಗ್ಗಿದೆ. ಕೇಬಲ್ ಮಾತ್ರ ಬಿಗಿ ಮಾಡಿ ಕಳಿಸುವುದು ಸುಲಭದ ದಾರಿ. ಲೈನರ್ ನೋಡಿ ಆಮೇಲೆ ಬಿಗಿ ಮಾಡಲಿ.

ದೀಪಗಳು

ಕೆಂಪು ದೀಪ ಹತ್ತಿದರೆ ಹ್ಯಾಂಡ್‌ಬ್ರೇಕ್ ಮೇಲಿದೆ ಅಥವಾ ಆಯಿಲ್ ಕಮ್ಮಿಯಾಗಿದೆ. ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಇದೆ, ಎಬಿಎಸ್ ಇಲ್ಲ. ಜಾರುವ ರಸ್ತೆಯಲ್ಲಿ ದೂರ ಇಟ್ಟುಕೊಂಡು ಗ್ಯಾರೇಜಿಗೆ ಹೋಗಬಹುದು. ಹೆಚ್ಚಾಗಿ ಚಕ್ರದ ಹತ್ತಿರದ ಸೆನ್ಸರಿಗೆ ಕೆಸರು ಕೂತಿರುತ್ತದೆ, ಇಲ್ಲವೇ ವೈರ್ ತುಂಡಾಗಿರುತ್ತದೆ. ಕೆಂಪು, ಹಳದಿ ಎರಡೂ ಒಟ್ಟಿಗೆ ಹತ್ತಿದರೆ ನಿಲ್ಲಿಸಿ.

ಘಾಟ್ ಇಳಿಯುವಾಗ

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟ್‌ನಲ್ಲಿ 36. ಏರುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್. ಆಟೋಮ್ಯಾಟಿಕ್ ಆದರೆ ಎಲ್ ಅಥವಾ 2, ಇಲ್ಲವೇ ಮ್ಯಾನುಯಲ್ ಮೋಡ್. ಕಾಲನ್ನು ಪೆಡಲ್ ಮೇಲೆ ಒರಗಿಸಿಕೊಂಡೇ ಇರಬೇಡಿ. ಚೆನ್ನಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕ್ ಆರುತ್ತದೆ. ಪೆಡಲ್ ಗಟ್ಟಿಯೇ ಇದ್ದು ಹಿಡಿತ ಮಾತ್ರ ಕಮ್ಮಿಯಾದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾದರೆ ಆಯಿಲ್ ಕುದಿದಿದೆ. ಎರಡಕ್ಕೂ ಮದ್ದು ನಿಂತು ಕಾಯುವುದು.

ಬ್ರೇಕ್ ಪೂರ್ತಿ ಕೈಕೊಟ್ಟರೆ: ಪೆಡಲ್ಲನ್ನು ಬೇಗ ಬೇಗ ಒತ್ತಿ ಬಿಟ್ಟು ಮಾಡಿ, ಗೇರ್ ಒಂದೊಂದೇ ಇಳಿಸಿ, ಹಾರ್ನ್ ಒತ್ತಿ, ನಾಲ್ಕೂ ಇಂಡಿಕೇಟರ್ ಹಾಕಿ. ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರಿ ಗಾಡಿ ತಿರುಗುತ್ತದೆ. ಕೀ ಆಫ್ ಮಾಡಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಗೆ, ಮಣ್ಣಿಗೆ, ಏರಿಗೆ ಹತ್ತಿಸಿ.

ನೀವೇ ಬಿಚ್ಚುವುದಾದರೆ, ಗ್ಯಾರೇಜಿಗೆ ಬಿಟ್ಟರೆ

ನೋಡುವುದು ಎಲ್ಲರೂ ಮಾಡಬಹುದು. ಬಿಚ್ಚುವುದು ಗೊತ್ತಿದ್ದವರ ಪಕ್ಕ ನಿಂತು ಒಂದೆರಡು ಸಲ ಕಲಿತ ಮೇಲೆ. ಸ್ಟೆಪ್ನಿ ಬದಲಿಸುವ ಜಾಕ್ ಒಂದನ್ನೇ ನಂಬಿ ಗಾಡಿಯಡಿ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಬ್ರೇಕ್ ದೂಳನ್ನು ಬಾಯಿಂದ ಊದಬೇಡಿ, ಏರ್ ಗನ್ ಹಿಡಿಯಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಯಾಲಿಪರ್ ಬಿಚ್ಚಿದರೆ ಹೋಸಿನಲ್ಲಿ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ ತೂಗುಹಾಕಿ. ಆಯಿಲ್ ಪೈಪ್, ಮಾಸ್ಟರ್ ಸಿಲಿಂಡರ್, ಎಬಿಎಸ್ ಇವು ಮನೆಯ ಕೆಲಸವಲ್ಲ. ಕೆಲವು ಎಬಿಎಸ್ ಗಾಡಿಯಲ್ಲಿ ಏರ್ ತೆಗೆಯಲು ಸ್ಕ್ಯಾನರ್ ಕೂಡ ಬೇಕಾಗುತ್ತದೆ.

ಗ್ಯಾರೇಜಿನಲ್ಲಿ "ಬ್ರೇಕ್ ಸರಿ ಮಾಡಿ" ಅನ್ನಬೇಡಿ. ಯಾವಾಗ, ಎಷ್ಟು ವೇಗದಲ್ಲಿ, ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ, ಸದ್ದೋ ನಡುಕವೋ ಅಂತ ಹೇಳಿ. ತೆಗೆದ ಹಳೇ ಪ್ಯಾಡ್ ತೋರಿಸಲು ಕೇಳಿ. ನಾಲ್ಕು ಎಟಿಎಂ ಕಾರ್ಡಿನ ಲೆಕ್ಕ ಅಲ್ಲೂ ಉಪಯೋಗಕ್ಕೆ ಬರುತ್ತದೆ.

ಹೊಸ ಪ್ಯಾಡ್ ಹಾಕಿದ ಗಾಡಿಯನ್ನು ತೆಗೆದುಕೊಳ್ಳುವಾಗ, ಸ್ಟಾರ್ಟ್ ಮಾಡುವ ಮೊದಲೇ ಪೆಡಲ್ಲನ್ನು ಐದಾರು ಸಲ ಒತ್ತಿ. ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಮೊದಲ ಒತ್ತಿಗೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಬ್ರೇಕ್ ಇರುವುದೇ ಇಲ್ಲ. ಹೀಗೆ ಒತ್ತದೆ ಹೊರಟ ಒಂದು ಕಾರು ಗ್ಯಾರೇಜಿನ ಗೇಟಿಗೇ ಗುದ್ದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಮೆಲ್ಲಗೆ ಇಳಿಸಿ. ನಡುನಡುವೆ ಆರಲು ಬಿಡಿ. ಮೊದಲ 200 ಕಿ.ಮೀ. ಜೋರು ಬ್ರೇಕ್ ಬೇಡ, ಘಾಟ್ ಪ್ರಯಾಣವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.